ಫ್ಯಾನ್ ಕ್ಲಚ್ಚೂ ಅಂಕಲ್‌ಜೀ ಮಂಡಿಯೂ

ಹಳೇ ಗಾಡಿ ಇಟ್ಟುಕೊಂಡವರ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಎಲ್ಲವೂ ಒಂದೇ ವಾರದಲ್ಲಿ ಆದವು.

ನಮ್ಮದು ಹದಿಮೂರು ವರ್ಷದ ಪೆಟ್ರೋಲ್ ಗಾಡಿ, ಜೀಪಿನಷ್ಟು ಎತ್ತರ. ದಿಲ್ಲಿಯ ಮಯೂರ್ ವಿಹಾರದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯವರು "ಇನ್ನೂ ಓಡುತ್ತಾ?" ಎಂದು ಮನೆಯ ಹಿರಿಯರ ಆರೋಗ್ಯ ವಿಚಾರಿಸುವ ದನಿಯಲ್ಲಿ ಕೇಳುತ್ತಾರೆ. ಕಳೆದ ಮೇ ತಿಂಗಳಲ್ಲಿ ಅದಕ್ಕೆ ಜ್ವರ ಬಂತು. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಎಂಜಿನ್ ಕುದಿಯತೊಡಗಿತು. ರೇಡಿಯೇಟರ್ ಹಿಂದಿನ ಫ್ಯಾನನ್ನು ಹಿಡಿದು ತಿರುಗಿಸುವ ದುಂಡನೆಯ ಭಾಗವೊಂದಿದೆ, ಫ್ಯಾನ್ ಕ್ಲಚ್ ಅಂತ. ಅದರ ಹಿಡಿತ ಹೋಗಿತ್ತು. ಹೊಸದು ತಂದಾಯಿತು. ಆದರೆ ಒಂದೇ ದೊಡ್ಡ ನಟ್ಟಿನಿಂದ ಬಿಗಿದ ಹಳೆಯದು ಜಾಗ ಬಿಟ್ಟುಕೊಡಬೇಕಲ್ಲ!

ಅವಸರಕ್ಕೆ ಕಾರಣ ಮೇಲಿನ ಮನೆಯ ಅಂಕಲ್‌ಜೀ. ಮಂಡಿ ಆಪರೇಷನ್ ಆಗಿ ನೋಯ್ಡಾದ ಆಸ್ಪತ್ರೆಯಲ್ಲಿದ್ದರು. ಶನಿವಾರ ಡಿಸ್ಚಾರ್ಜ್. ಆರಡಿ ಮೀರಿದ ಆಳು. ಕಾಲು ಪೂರ್ತಿ ಚಾಚಿ ಕೂರಬೇಕೆಂದರೆ ನಮ್ಮ ಗಾಡಿಯ ಮುಂದಿನ ಸೀಟೇ ಆಗಬೇಕು. "ನಾನೇ ಕರ್ಕೊಂಡು ಬರ್ತೀನಿ" ಎಂದು ಅವರ ಹೆಂಡತಿ ಆಂಟಿಗೆ ಮಾತು ಕೊಟ್ಟಿದ್ದೆ. ಅಮ್ಮ ಇಲ್ಲದ ನನಗೆ ಈ ದಿಲ್ಲಿಯಲ್ಲಿ ಬಾಣಂತನ ಮಾಡಿದವರು ಆ ಆಂಟಿ. ಮಾತು ತಪ್ಪುವ ಹಾಗಿರಲಿಲ್ಲ.

ಗಡಿಯಾರದ ದಿಕ್ಕು

ಬುಧವಾರ ನನ್ನ ಗಂಡ ಮೊಬೈಲಿನಲ್ಲಿ ವಿಡಿಯೋ ನೋಡಿ, ದೊಡ್ಡ ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿದರು. ಸೊಸೈಟಿಯಲ್ಲಿ ಬಾನೆಟ್ ಎತ್ತುವುದು, ಊಟಕ್ಕೆ ಬನ್ನಿ ಎಂದು ಕೂಗುವುದು ಎರಡೂ ಒಂದೇ. ಎರಡು ನಿಮಿಷದಲ್ಲಿ ಒಬ್ಬ ನಿವೃತ್ತ ಕರ್ನಲ್, ಒಬ್ಬ ನಿವೃತ್ತ ಗಣಿತ ಮೇಷ್ಟ್ರು ಹಾಜರ್.

"ಗಡಿಯಾರಕ್ಕೆ ವಿರುದ್ಧವಾಗಿ ತಿರುಗಿಸು. ಪ್ರಪಂಚದ ನಟ್ಟೆಲ್ಲ ಹಾಗೇ ಬಿಚ್ಚೋದು" ಎಂದರು ಕರ್ನಲ್.

"ಯಾವ ಕಡೆಯಿಂದ ನೋಡಿದರೆ?" ಎಂದರು ಮೇಷ್ಟ್ರು. "ನೀವು ಬಂಪರ್ ಕಡೆ ನಿಂತಿದ್ದೀರಿ, ನಾನು ಎಂಜಿನ್ ಕಡೆ. ನಿಮ್ಮ ಗಡಿಯಾರ ನನಗೆ ಉಲ್ಟಾ."

ಕರ್ನಲ್ ಅರೆಕ್ಷಣ ಯೋಚಿಸಿ, "ನನ್ನ ಗಡಿಯಾರವೇ ಸರಿ" ಎಂದು ತೀರ್ಪು ಕೊಟ್ಟರು. ಮೂವರೂ ಸೇರಿ "ಏಕ್, ದೋ, ತೀನ್" ಎಂದು ಸ್ಪ್ಯಾನರ್ ಎಳೆದರು. ನಟ್ಟು ಕಿರ್ರೆಂದು ಅರ್ಧ ಇಂಚು ಕದಲಿತು! ಎಲ್ಲರೂ ಬೆನ್ನು ತಟ್ಟಿಕೊಂಡರು, ನಾನು ಚಹಾ ಮಾಡಿ ಕೊಟ್ಟೆ.

ಅದು ಬಿಚ್ಚಿಕೊಂಡಿದ್ದಲ್ಲ, ಇನ್ನಷ್ಟು ಬಿಗಿದುಕೊಂಡಿದ್ದು ಎಂದು ಗೊತ್ತಾಗಿದ್ದು ಮರುದಿನ.

ಬಳೆ

ಗುರುವಾರ ಮಾರ್ಕೆಟ್ಟಿನ ಬೇವಿನ ಮರದಡಿ ಕೆಲಸ ಮಾಡುವ ಮೆಕ್ಯಾನಿಕ್ಕನ್ನು ಕರೆತಂದೆ. ವಯಸ್ಸಾದವರು, ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಬಗ್ಗಿ ಇಣುಕಿ, "ಇದನ್ನ ಇಷ್ಟು ಬಿಗಿ ಮಾಡಿದ ಪೈಲ್ವಾನ್ ಯಾರು?" ಎಂದರು. ನನ್ನ ಗಂಡನಿಗೆ ಆ ಕ್ಷಣಕ್ಕೆ ಸರಿಯಾಗಿ ಯಾವುದೋ ಫೋನು ಬಂತು. ರಿಂಗಾಗಿದ್ದು ಮಾತ್ರ ನನಗೆ ಕೇಳಿಸಲಿಲ್ಲ.

ಆಮೇಲೆ ಉಸ್ತಾದ್ ನನ್ನತ್ತ ತಿರುಗಿ ಗಂಭೀರವಾಗಿ, "ಮೇಡಂಜೀ, ಚೂಡಿ ಉಲ್ಟೀ ಹೈ" ಎಂದರು.

ಚೂಡಿ ಅಂದರೆ ಬಳೆ. ಹನ್ನೊಂದು ವರ್ಷದ ದಿಲ್ಲಿ ವಾಸದಲ್ಲಿ ಅಷ್ಟು ಹಿಂದಿ ನನಗೆ ಬರುತ್ತದೆ. ಥಟ್ಟನೆ ಕೈ ನೋಡಿಕೊಂಡೆ. ಹಿಂದಿನ ವಾರ ಸತ್ಯನಾರಾಯಣ ಪೂಜೆಯಲ್ಲಿ ಕೊಟ್ಟ ಹಸಿರು ಗಾಜಿನ ಬಳೆಗಳಿದ್ದವು. ಬಳೆಯಲ್ಲಿ ಉಲ್ಟಾ ಯಾವುದು, ಸೀದಾ ಯಾವುದು? ಆದರೂ ಹಿರಿಯರು ಹೇಳಿದ್ದಾರಲ್ಲ ಎಂದು ಒಂದೊಂದಾಗಿ ತೆಗೆದು, ತಿರುಗಿಸಿ ಹಾಕಿಕೊಂಡು, "ಈಗ ಸರಿಹೋಯ್ತಾ?" ಎಂದೆ.

ಉಸ್ತಾದ್ ಬಳೆ ನೋಡಿದರು, ನಟ್ಟು ನೋಡಿದರು. ನಗು ಬಂದರೂ ನಗಲಿಲ್ಲ, ಪುಣ್ಯಾತ್ಮ. "ಬಹಳ ಚೆನ್ನಾಗಿದೆ ಬೇಟಾ. ನಾನು ಹೇಳಿದ್ದು ನಟ್ಟಿನ ಒಳಗಿನ ಸುತ್ತು. ಅದಕ್ಕೂ ನಾವು ಚೂಡಿ ಅಂತೀವಿ. ಇದರಲ್ಲಿ ಅದು ಉಲ್ಟಾ, ಬೇರೆ ನಟ್ಟು ಬಿಗಿಯೋ ದಿಕ್ಕಿಗೆ ಇದು ಬಿಚ್ಚೋದು" ಎಂದರು. ನಟ್ಟಿಗೆ ಎಣ್ಣೆ ಬಿಟ್ಟು, ನಾಳೆ ಬರುತ್ತೇನೆಂದು ಹೊರಟರು. ಗೇಟು ದಾಟಿದ ಮೇಲೆ ಅವರ ಹೆಗಲು ಕುಲುಕುತ್ತಿದ್ದದ್ದು ನನಗೆ ಕಾಣಿಸಿತು.

ಫೈಲ್ ಓಪನ್ ಆಯ್ತಾ?

ಶುಕ್ರವಾರ ಉಸ್ತಾದ್ ಬಂದು, "ನಾನು ಹೊಡೆಯುವಾಗ ಎಂಜಿನ್ ತಿರುಗಬಾರದು. ಗೇರ್ ಹಾಕಿ, ಬ್ರೇಕ್ ಒತ್ತಿ ಕೂತಿರಿ. ಕಾಲು ಎತ್ತಬೇಡಿ" ಎಂದರು. ಗಂಡ ಆಫೀಸಿಗೆ ಹೋಗಿದ್ದರು. ನನಗೆ ಹನ್ನೊಂದಕ್ಕೆ ಆನ್‌ಲೈನ್ ಮೀಟಿಂಗ್. ಲ್ಯಾಪ್‌ಟಾಪ್ ಸ್ಟಿಯರಿಂಗಿಗೆ ಒರಗಿಸಿ, ಕ್ಯಾಮೆರಾ ಆಫ್ ಮಾಡಿ, ಬ್ರೇಕ್ ಒತ್ತಿ ಕೂತೆ.

ಬಾಸ್ ನನ್ನ ಹೆಸರು ಹಿಡಿದು, "ನಾನು ಕಳಿಸಿದ ಫೈಲ್ ಓಪನ್ ಆಯ್ತಾ?" ಎಂದರು. ಉತ್ತರ ಕೊಡಲು ಮೈಕ್ ಆನ್ ಮಾಡಿದೆ.

ಬಾನೆಟ್ ಕೆಳಗಿಂದ ಉಸ್ತಾದ್ ಗುಡುಗಿದರು: "ನಹೀಂ ಖುಲ್ ರಹಾ!" ನಟ್ಟು ಬಿಚ್ಚದಿದ್ದರೂ ಫೈಲ್ ತೆರೆಯದಿದ್ದರೂ ಹಿಂದಿಯಲ್ಲಿ ಮಾತು ಒಂದೇ.

"ಅಚ್ಛಾ? ಇನ್ನೊಮ್ಮೆ ಕಳಿಸ್ತೀನಿ" ಎಂದರು ಬಾಸ್. "ಈಗ?"

ಢಣ್! ಢಣ್! "ಜಿದ್ದೀ ಹೈ! ಬೆಂಕಿ ತೋರಿಸಬೇಕು ಇದಕ್ಕೆ!"

ಮೀಟಿಂಗಿನಲ್ಲಿದ್ದ ಒಂಬತ್ತು ಜನ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಮೈಕ್ ಆಫ್ ಮಾಡಲು ತಡಕಾಡುತ್ತಿದ್ದೆ. ಬೆವರಿಗೆ ಬೆರಳು ಜಾರುತ್ತಿತ್ತು, ಕಾಲು ಎತ್ತುವಂತಿಲ್ಲ. ಮತ್ತೊಂದು ಢಣ್, ಆಮೇಲೆ ಆ ಮುದುಕರ ಆನಂದದ ಕೂಗು: "ಖುಲ್ ಗಯಾ! ಖುಲ್ ಗಯಾ ಬೇಟಾ!"

ನಾನೂ ತಡೆಯಲಾರದೆ ಚಪ್ಪಾಳೆ ತಟ್ಟಿಬಿಟ್ಟೆ.

ಕೊನೆಗೆ ಬಾಸ್, "ಹತ್ತು ವರ್ಷದಲ್ಲಿ ನನ್ನ ಫೈಲ್ ಓಪನ್ ಆಗಿದ್ದಕ್ಕೆ ಮನೆಮಂದಿಯೆಲ್ಲ ಹೀಗೆ ಖುಷಿಪಟ್ಟಿದ್ದು ಇದೇ ಮೊದಲು" ಎಂದರು. ಆ ಖುಷಿಗೆ ಇನ್ನೆರಡು ಫೈಲ್ ಕಳಿಸಿದರು.

ಡಿಸ್ಚಾರ್ಜ್

ಶುಕ್ರವಾರ ಸಂಜೆ ಹೊಸ ಕ್ಲಚ್ ಕೂರಿಸಲು ನಾನೂ ಉಸ್ತಾದರಿಗೆ ಕೈ ಜೋಡಿಸಿದ್ದೆ. ಶನಿವಾರ ಗಾಡಿ ತಣ್ಣಗೆ ಓಡಿತು. ಆಂಟಿಯೂ ನಾನೂ ಆಸ್ಪತ್ರೆಗೆ ಹೋದೆವು. ಮೂರು ದಿನದ ಕಥೆಯನ್ನು ಆಂಟಿ ಅಂಕಲ್‌ಜೀಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಅಷ್ಟರಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ನಗುತ್ತ ಬಂದರು.

"ಮಂಡಿ ಚೆನ್ನಾಗಿ ಮಡಿಸ್ತಿದ್ದಾರೆ. ದೊಡ್ಡ ಗಾಡಿ ಬೇಕೇ ಇಲ್ಲ, ಯಾವ ಸಣ್ಣ ಕಾರಿನಲ್ಲಾದರೂ ಆರಾಮಾಗಿ ಹೋಗಬಹುದು!"

ಆಂಟಿ ನನ್ನ ಮುಖ ನೋಡಿದರು. ನಾನು ನಗಲು ಪ್ರಯತ್ನಿಸಿದೆ. ಅಂಕಲ್‌ಜೀ ನನ್ನ ಉಗುರಿನೊಳಗೆ ಇನ್ನೂ ಕೂತಿದ್ದ ಗ್ರೀಸ್ ನೋಡಿದರು. ನೋಡುತ್ತ ನೋಡುತ್ತಲೇ ಅವರ ಕಾಲು ಮರದ ದಿಮ್ಮಿಯಂತೆ ಸೆಟೆದುಕೊಂಡಿತು.

"ಆಗಲ್ಲ ಡಾಕ್ಟರ್‌ಜೀ. ಮಡಿಸೋಕೆ ಆಗ್ತಾನೇ ಇಲ್ಲ."

"ಈಗ ತಾನೇ ಮಡಿಸಿದಿರಲ್ಲ!"

"ಅದು ಈಗ ತಾನೇ. ಇದು ಈಗ."

ಕಾಲು ಚಾಚಿಕೊಂಡೇ ಗಾಡಿ ಹತ್ತಿದರು. ದಾರಿಯುದ್ದಕ್ಕೂ, "ಈ ಸೀಟು ಇಲ್ಲದಿದ್ದರೆ ನನ್ನ ಗತಿ ಏನಾಗ್ತಿತ್ತು!" ಎನ್ನುತ್ತಲೇ ಬಂದರು. ಗೇಟಿನಲ್ಲಿ ಕರ್ನಲ್, ಮೇಷ್ಟ್ರು, ಉಸ್ತಾದ್, ನನ್ನ ಗಂಡ ಸಾಲಾಗಿ ನಿಂತಿದ್ದರು. ಅವರೆದುರು ಕಾಲು ಇನ್ನಷ್ಟು ಸೆಟೆಯಿತು. ನಾಲ್ವರೂ ಸೇರಿ ಇಳಿಸಿ, ವೀಲ್‌ಚೇರಿನಲ್ಲಿ ಕೂರಿಸಿದರು.

ನಾನು ಅವರನ್ನು ಲಿಫ್ಟಿನೊಳಗೆ ತಳ್ಳಿಕೊಂಡು ಹೋದೆ. ಬಾಗಿಲು ಮುಚ್ಚಿತು. ಅಂಕಲ್‌ಜೀ ಕತ್ತೆತ್ತಿ, ಪಿಸುದನಿಯಲ್ಲಿ ಕೇಳಿದರು:

"ಬೇಟಾ, ಈಗ ಸ್ವಲ್ಪ ಮಡಿಸ್ಲಾ?"