ಆರುನೂರಾ ಹತ್ತು ಶಾಲುಗಳ ಅನುಭವ

ರಾಜಕೀಯ ಅನುಭವವಿಲ್ಲದವರು ರಾಷ್ಟ್ರೀಯ ಅಧ್ಯಕ್ಷರಾಗತಕ್ಕದ್ದಲ್ಲ ಎಂಬುದು ಇಚಲಕರಂಜಿಯ ಅಖಿಲ ಭಾರತ ಮಗ್ಗದವರ ಮಹಾಸಂಘದ ಒಂದನೆಯ ನಿಯಮ. ಸದಸ್ಯರಲ್ಲಿ ಒಬ್ಬ ಮಹಾರಾಷ್ಟ್ರದ ಗಡಿಯಾಚೆ, ಕರ್ನಾಟಕದ ನಿಪ್ಪಾಣಿಯಲ್ಲಿ ಇರುವುದರಿಂದ ಸಂಘ ರಾಷ್ಟ್ರೀಯವಾಗಿದೆ. ಅನುಭವದಿಂದಲೇ ಯಶಸ್ಸು ಎಂಬುದಕ್ಕೆ ಪುರಾವೆಯೂ ಉಂಟು: ಈವರೆಗೆ ಯಶಸ್ವಿಯಾದ ಇಬ್ಬರು ಅಧ್ಯಕ್ಷರೂ ಅನುಭವಿಗಳು. ವಿಫಲರಾದ ಒಂಬತ್ತು ಮಂದಿಯೂ ಅನುಭವಿಗಳೇ, ಆದರೆ ಅವರ ಫೈಲು ಬೇರೆ ಕಪಾಟಿನಲ್ಲಿದೆ.

ಕೊರೋಚಿಯ ಹಣಮವ್ವನಿಗೆ ಇದರಲ್ಲಿ ಯಾವ ತಕರಾರೂ ಇರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ ಒಂದು ಸಹಿ. ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಹತ್ತೊಂಬತ್ತು ದಿನವಾಗಿ, ಗಂಡ ತೀರಿದ ಮೇಲೆ ಕುರಿ ಮಾರಿ ಹಾಕಿದ ಅವಳ ನಾಲ್ಕೂ ಮಗ್ಗ ನಿಂತಿದ್ದವು. ಹೊಸ ಟ್ರಾನ್ಸ್‌ಫಾರ್ಮರಿಗೆ ರಾಷ್ಟ್ರೀಯ ಅಧ್ಯಕ್ಷರ ಪತ್ರ ಬೇಕು, ಆ ಖುರ್ಚಿಯೋ ಖಾಲಿ. ಸದ್ದಿಲ್ಲದ ಮನೆಯಲ್ಲಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಆ ಖುರ್ಚಿಗೆ ಅರ್ಜಿ ಹಾಕಿದವರು ಇಬ್ಬರು: ಹಳೆಯ ಹುಲಿ ತಾತ್ಯಾಸಾಹೇಬರು ಮತ್ತು ಯಡ್ರಾವದ ಧೀರಜ. ಅನುಭವವನ್ನು ಸತ್ಕಾರದ ಶಾಲುಗಳಿಂದ ಅಳೆಯುವುದು ವಾಡಿಕೆ; ಒಂದು ಶಾಲಿಗೆ ಒಂದು ಅನುಭವ. ಸತ್ಕಾರದಲ್ಲಿ ಸುತ್ತುವ ಫೇಟಾಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಯಾರೋ ಸೂಚಿಸಿದ್ದರು. ಆದರೆ ಫೇಟಾ ಬಾಡಿಗೆಯದು, ಭಾಷಣ ಮುಗಿಯುವ ಮೊದಲೇ ತಲೆಯಿಂದ ಇಳಿಸಿಕೊಂಡು ಹೋಗುತ್ತಾರೆ ಎಂದು ಕೈಬಿಡಲಾಯಿತು.

ಇಬ್ಬರೂ ತಮ್ಮ ಅನುಭವವನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ಸಂಘದ ಕಾರಕೂನ ದತ್ತಾ ದಿನವಿಡೀ ಎಣಿಸಿದ. ಅವರಿಗೂ ಆರುನೂರಾ ಹತ್ತು, ಇವರಿಗೂ ಆರುನೂರಾ ಹತ್ತು. ಎರಡು ರಾಶಿಯ ನಡುವೆ ಒಂದು ಹಸಿರು ಶಾಲು ಮಾತ್ರ ಉಳಿಯಿತು. ಅದನ್ನು ಹೊದ್ದದ್ದು ಇಬ್ಬರಿಗೂ ಚೆನ್ನಾಗಿ ನೆನಪಿತ್ತು.

ಶಾಲು ನೇಯುವವಳಿಗೆ ಗುರುತು ಸಿಕ್ಕೀತೆಂದು, ಪತ್ರಕ್ಕಾಗಿ ಬಾಗಿಲಲ್ಲಿ ಕೂತಿದ್ದ ಹಣಮವ್ವನನ್ನು ದತ್ತಾ ಒಳಗೆ ಕರೆದ. ಅವಳು ಶಾಲಿನ ಅಂಚು ಹಿಡಿದು ನೋಡಿದಳು.

"ಇದು ನನ್ನ ಮೂರನೇ ಮಗ್ಗದ್ದರಿ. ಇಲ್ಲೊಂದು ಎಳಿ ತಪ್ಪೈತಿ. ಇಬ್ಬರಿಗೂ ಹೊಚ್ಚಿರಬೇಕು, ಇಬ್ಬರೂ ಖರೇನ ಹೇಳಾಕತ್ತಾರ."

ಯಾರೂ ನಾಚಲಿಲ್ಲ. ಸತ್ಕಾರದ ಕೆಲವು ಶಾಲುಗಳು ಮರುದಿನ ಅಂಗಡಿಗೆ ಮರಳಿ, ಅಲ್ಲಿಂದ ಇನ್ನೊಂದು ಹೆಗಲಿಗೆ ಏರುವುದು ಊರಿನ ಸಂಪ್ರದಾಯವೇ ಆಗಿತ್ತು. ಸಮಿತಿ ಕೂಡಲೇ ಠರಾವು ಮಾಡಿತು: ಯಾವ ಹೆಗಲನ್ನೂ ಕಾಣದ ಹೊಸ ಶಾಲೊಂದನ್ನು ನೇಯಿಸಿ, ಚೀಟಿ ಎತ್ತಿ, ಗೆದ್ದವರಿಗೆ ಹೊದಿಸತಕ್ಕದ್ದು. ಸಂಘದಲ್ಲಿ ಶಾಲು ನೇಯುವವಳು ಹಣಮವ್ವ ಒಬ್ಬಳೇ ಆದ್ದರಿಂದ ಅವಳೇ ನೇಯತಕ್ಕದ್ದು.

ಕರೆಂಟಿಲ್ಲದೆ ಮಗ್ಗ ನಡೆಯುವುದಿಲ್ಲ ಎಂದು ಅವಳು ಹೇಳಿದಳು. ಕರೆಂಟಿಗೆ ಪತ್ರ ಬೇಕೆಂದು ದತ್ತಾ ಓದಿ ಹೇಳಿದ. ಪತ್ರಕ್ಕೆ ಅಧ್ಯಕ್ಷರು ಬೇಕು, ಅಧ್ಯಕ್ಷರಿಗೆ ಶಾಲು ಬೇಕು. ಕೊನೆಗೆ ಧೀರಜನೇ, ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ತಾತ್ಯಾಸಾಹೇಬರನ್ನು ವಿನಯದಿಂದ ಕೇಳಿದ. ಇಂಥ ಹೊತ್ತಿನಲ್ಲಿ ಸತ್ಕಾರ ಮಾಡಬೇಕು ಎಂದು ಅವರು ಅನುಭವದಿಂದ ಹೇಳಿದರು.

ಹಾಗಾಗಿ ಹತ್ತೊಂಬತ್ತು ದಿನ ತಾಳ್ಮೆಯಿಂದ ಕಾದ ಹಣಮವ್ವನಿಗೆ ಅದೇ ಹಸಿರು ಶಾಲನ್ನು ಹೊದಿಸಿ, ತೆಂಗಿನಕಾಯಿ ಕೊಟ್ಟು, ಫೋಟೋ ತೆಗೆಸಲಾಯಿತು. ದತ್ತಾ ಪುಸ್ತಕದಲ್ಲಿ ಬರೆದ: ಹಣಮವ್ವ, ಅನುಭವ ಒಂದು.

"ಹಂಗಾದ್ರ ನನ್ನ ಕರೆಂಟ್ ಯಾವಾಗ ಬರ್ತೈತ್ರಿ?" ಎಂದು ಅವಳು ಕೇಳಿದಳು.

ತಾತ್ಯಾಸಾಹೇಬರು ಮೆಲ್ಲಗೆ, "ಈಗ ನೀವೂ ಅನುಭವಿ ಆದ್ರಿ, ಅಕ್ಕಾರ. ಇಂಥಾ ಪ್ರಶ್ನಿ ಕೇಳಬಾರದು," ಎಂದರು.

ಅವಳಿಗೆ ಸಿಟ್ಟು ಬಂತು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಇತ್ತು. ಮರುದಿನ ಮುಂಜಾನೆ ನೆರೆಮನೆಯ ಬಾಳವ್ವ ತನ್ನ ನಿಂತ ಮಗ್ಗ ಬಿಟ್ಟು ಓಡಿಬಂದು, ಪತ್ರ ಸಿಕ್ಕಿತೇ ಎಂದು ಕೇಳಿದಳು. ಹಣಮವ್ವ ಹೆಗಲಿನ ಶಾಲು ಸರಿಮಾಡಿಕೊಂಡಳು.

"ಸಮಿತಿ ವಿಚಾರ ಮಾಡಾಕತ್ತೈತಿ," ಎಂದಳು.

ಬಾಳವ್ವ ತಲೆಯಾಡಿಸಿ, ಶಾಲು ಭಾಳ ಒಪ್ಪುತ್ತದೆ ಎಂದು ಹೇಳಿ ಮನೆಗೆ ಹೋದಳು.