ಬಸ್ಸಿಗಿಂತ ಎತ್ತರದ ಪ್ಯಾಸೆಂಜರು

ನನ್ನ ಸೋದರಮಾವ ಇಲ್ಲದ ಯಂತ್ರದೊಳಗೆ ಇಲ್ಲದ ಬಸ್ಸನ್ನು ಇಲ್ಲದ ಪ್ಯಾಸೆಂಜರುಗಳಿಗಾಗಿ ಓಡಿಸುತ್ತಾರೆ. ಅದೂ ಟೈಮಿಗೆ ಸರಿಯಾಗಿ! ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ನೀವು ಕೇಳಬಹುದು. ತೋರಿಸಿಲ್ಲ. ತೋರಿಸಬೇಕು ಎಂದು ಹೊರಟವರನ್ನೆಲ್ಲ ಅವರು ಆ ಬಸ್ಸಿಗೇ ಹತ್ತಿಸಿಕೊಂಡುಬಿಟ್ಟಿದ್ದಾರೆ, ನನ್ನನ್ನೂ ಸೇರಿಸಿ.

ಮಾವ ಮೂವತ್ತು ವರ್ಷ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ರೂಟಿನಲ್ಲಿ ಕಂಡಕ್ಟರಾಗಿದ್ದವರು. ರಿಟೈರಾಗಿ ಹೊಳಲ್ಕೆರೆಯ ಮನೆಯಲ್ಲಿ ಕೂತ ಮೇಲೂ ಅವರ ಬಾಯಿ ರಿಟೈರಾಗಲಿಲ್ಲ. ಅಡುಗೆಮನೆಗೆ ನೀರು ಕುಡಿಯಲು ಹೋದರೆ ಅತ್ತೆಗೆ, "ಸ್ವಲ್ಪ ಹಿಂದಕ್ಕೆ ಸರೀರಿ, ಹಿಂದೆ ಖಾಲಿ ಐತೆ" ಎನ್ನುತ್ತಿದ್ದರು. ಅತ್ತೆಯ ಹಿಂದೆ ಇದ್ದದ್ದು ಉರಿಯುವ ಒಲೆ!

ಈ ಹೊತ್ತಿನಲ್ಲಿ ನಾನು ಮಾಡಬಾರದ ಕೆಲಸವೊಂದನ್ನು ಮಾಡಿದೆ. ಚಿತ್ರದುರ್ಗದ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು ನಾನು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ 'ಫ್ಯಾಂಟಸಿ ಕನ್ಸೋಲ್' ಎಂಬುದೊಂದನ್ನು ಹಾಕಿಕೊಂಡು ಹುಡುಗಾಟಕ್ಕೆ ಪುಟ್ಟ ಆಟಗಳನ್ನು ಮಾಡುತ್ತಿದ್ದೆ. ಒಂದು ಭಾನುವಾರ ಮಾವನಿಗೆ ತೋರಿಸಿದೆ. "ಇದು ಹಳೇ ಕಾಲದ ಆಟದ ಯಂತ್ರ ಮಾವ. ಆದ್ರೆ ಇಂಥಾ ಯಂತ್ರ ಯಾವತ್ತೂ ಇರಲಿಲ್ಲ. ಇದ್ದಿದ್ರೆ ಹಿಂಗಿರ್ತಿತ್ತು ಅಂತ ಈಗ ಕಂಪ್ಯೂಟರೊಳಗೆ ಕಟ್ಟವ್ರೆ. ಸಾಲಿಗೆ ನೂರಿಪ್ಪತ್ತೆಂಟು ಚುಕ್ಕಿ, ಹದಿನಾರೇ ಬಣ್ಣ, ಬಟನ್ನು ಆರೇ. ಅಷ್ಟರೊಳಗೇ ಆಟ ಮಾಡ್ಬೇಕು."

ಮಾವ ಗಲ್ಲ ಕೆರೆದುಕೊಂಡರು. "ಹದಿನಾರು ಬಣ್ಣ ಯಾಕವ್ವಾ? ನಮ್ಮ ಬಸ್ಸಿಗೆ ಕೆಂಪೊಂದಿದ್ರೆ ಸಾಕಾಗಿತ್ತು."

ಮುಗಿಯಿತು! ಅಲ್ಲಿಂದ ಆ ಲ್ಯಾಪ್‌ಟಾಪು ನನ್ನ ಕೈಗೆ ವಾಪಸು ಬರಲಿಲ್ಲ.

ಅವರಿಗೆ ಬೇಕಾದ ಆಟ ಮೊದಲ ದಿನವೇ ಗೊತ್ತಿತ್ತು. ಅದನ್ನು ಯಾರು ಆಡಬೇಕು ಎಂಬುದೂ ಗೊತ್ತಿತ್ತು. ಹೊಳಲ್ಕೆರೆ ಕಡೆಯದೇ ಊರಾದ ಬಿ.ದುರ್ಗದ ರುದ್ರಣ್ಣ. ಹನ್ನೊಂದು ವರ್ಷ ಮಾವನ ಬಸ್ಸಿನ ಡ್ರೈವರ್ ಅವರೇ. ಒಂದೇ ಡಬ್ಬಿಯಲ್ಲಿ ಉಂಡವರು, ಒಬ್ಬರ ಮಕ್ಕಳ ಮದುವೆಗೆ ಇನ್ನೊಬ್ಬರು ಚಪ್ಪರ ಕಟ್ಟಿದವರು. ಒಂದು ಮುಸ್ಸಂಜೆ ರಸ್ತೆ ಬದಿಯಲ್ಲಿ ಕೈ ಎತ್ತಿ ನಿಂತಿದ್ದ ಅಜ್ಜಿಯೊಬ್ಬಳು ರುದ್ರಣ್ಣನ ಕಣ್ಣಿಗೆ ಬೀಳಲೇ ಇಲ್ಲ. ಮಾವ ಸೀಟಿ ಊದದೇ ಇದ್ದಿದ್ದರೆ ಅಜ್ಜಿ ಚಕ್ರದಡಿ ಇರುತ್ತಿದ್ದಳು. ಮಾರನೆಯ ದಿನ ಮಾವ ತಾವೇ ಡಿಪೋಗೆ ಹೋಗಿ, "ನಮ್ಮ ಡ್ರೈವರಿಗೆ ಕಣ್ಣು ಮಂಜಾಗವೆ, ಟೆಸ್ಟ್ ಮಾಡಿಸ್ರಿ" ಎಂದರು. ಕಣ್ಣಿನ ನರದ ದೋಷವಂತೆ, ಕನ್ನಡಕಕ್ಕೂ ಆಪರೇಷನ್ನಿಗೂ ಬಗ್ಗದ್ದು. ರುದ್ರಣ್ಣನಿಗೆ ಸ್ಟೇರಿಂಗ್ ತಪ್ಪಿ, ಟೈರು ನೋಡಿಕೊಳ್ಳುವ ಕೆಲಸ ಬಂತು. "ಬೆನ್ನಿಗೆ ಸೀಟಿ ಊದಿಬಿಟ್ಟೆಯಲ್ಲೋ" ಎಂದರಂತೆ. ಅದೇ ಕೊನೆಯ ಮಾತು. ಆರು ವರ್ಷವಾಯಿತು.

ಆದ್ದರಿಂದ ಮಾವನ ಆಟಕ್ಕೆ ಇಬ್ಬರು ಬೇಕು. ಒಬ್ಬರು ಡ್ರೈವರ್, ಒಬ್ಬರು ಕಂಡಕ್ಟರ್. ಕಂಡಕ್ಟರ್ ಒಂದು ಸಲ ಸೀಟಿ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಸೀಟಿಯಿಲ್ಲದೆ ಡ್ರೈವರ್ ಎಷ್ಟು ಒತ್ತಿದರೂ ಗಾಡಿ ಕದಲುವುದಿಲ್ಲ. "ಒಬ್ಬರೇ ಆಡೋ ಹಂಗೆ ಮಾಡಬಹುದಲ್ಲ ಮಾವ?" ಎಂದೆ.

"ಕಂಡಕ್ಟರ್ ಇಲ್ಲದ ಬಸ್ಸು ಬಸ್ಸೇನವ್ವಾ? ಅದು ಲಾರಿ."

ಕಲಿಕೆ ಶುರುವಾಯಿತು. ಕೋಡಿನಲ್ಲಿ ಆಜ್ಞೆಗಳ ಪ್ರತಿ ಕಟ್ಟಿನ ಕೊನೆಗೂ 'ಎಂಡ್' ಎಂದು ಹಾಕಬೇಕು, ಮರೆತರೆ ಕೆಂಪು ಅಕ್ಷರದಲ್ಲಿ ಬೈಗುಳ ಬರುತ್ತದೆ. ಮಾವ ಮರೆಯುತ್ತಿದ್ದರು. ಬೈಸಿಕೊಳ್ಳುತ್ತಿದ್ದರು. "ಮೂವತ್ತು ವರ್ಷದಾಗೆ ಯಾವ ಚೆಕಿಂಗ್ ಇನ್ಸ್‌ಪೆಕ್ಟರೂ ನನ್ನ ಹಿಂಗೆ ಹಿಡಿದಿರಲಿಲ್ಲ. ಇರಲೇ ಇಲ್ಲದ ಮಿಷಿನ್ನಿಗೆ ಏನು ಧಿಮಾಕು!" ಎಂದು ಗೊಣಗುತ್ತ, ಕೊನೆಗೊಮ್ಮೆ ಸುಮ್ಮನೆ ಹದಿನೇಳು 'ಎಂಡ್' ಒಟ್ಟಿಗೆ ಹಾಕಿಟ್ಟರು. ಬೇಕಾದದ್ದನ್ನು ತಗೊಳ್ಳಲಿ ಅಂತ!

ಮೊದಲ ಬಸ್ಸು ಹೊಸದುರ್ಗ ಸ್ಟ್ಯಾಂಡಿನಲ್ಲಿ ನಿಂತಿತು. "ಸ್ಟಾಪಿನಾಗೆ ಒಬ್ಬರು ಹತ್ತಬೇಕು" ಎಂದು ಮಾವ ಬರೆದಿದ್ದರು. ಆದರೆ ಬರೆದ ಜಾಗ, ಯಂತ್ರ ಸೆಕೆಂಡಿಗೆ ಮೂವತ್ತು ಸಲ ಓದುವ ಜಾಗ. ನಿಮಿಷವೊಂದರಲ್ಲಿ ಸಾವಿರದ ಎಂಟುನೂರು ಜನ ಹತ್ತಿದರು! ನಾನು ಹೌಹಾರಿದೆ. ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಸಂತೆ ದಿನ ಹಿಂಗೇ ಇರ್ತೈತೆ."

"ಮಾವ, ಬಸ್ಸು ತುಂಬಿದ್ರೆ ಸಾಕು ಅಂತ ಒಂದು ಲೆಕ್ಕ ಹಾಕಬೇಕು. ಐವತ್ತೈದು ಅಂತ ಇಡಾಣ."

"ತುಂಬೋದಾ?" ಎಂದು ಅವರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. "ಬಸ್ಸು ಎಲ್ಲಾದ್ರೂ ತುಂಬ್ತೈತೇನವ್ವಾ? ಮೂವತ್ತು ವರ್ಷದಾಗೆ ಜಾಗ ಇಲ್ಲ ಅಂತ ಒಬ್ಬರನ್ನೂ ಬಿಟ್ಟು ಬಂದವನಲ್ಲ ನಾನು." ಬಹಳ ಚೌಕಾಸಿಯ ಮೇಲೆ, ಸೆಕೆಂಡಿಗೆ ಒಬ್ಬರು ಹತ್ತುವುದೆಂದು ರಾಜಿಯಾಯಿತು. ಮಿತಿ ಮಾತ್ರ ಇಡಲಿಲ್ಲ. ಪರದೆಯ ಕೆಳಗೆ 'ಒಳಗೆ ಬರ್ರಿ, ಹಿಂದೆ ಖಾಲಿ ಐತೆ' ಎಂಬ ಸಾಲು ಸದಾ ಓಡುತ್ತಿರುತ್ತದೆ. ಆ ಯಂತ್ರಕ್ಕೆ ಕನ್ನಡ ಬರೆಯಲು ಬಾರದು. ಮಾವ ಒಂದೊಂದು ಅಕ್ಷರವನ್ನೂ ಚುಕ್ಕಿ ಇಟ್ಟು ಬಿಡಿಸಿದರು, ಹನ್ನೆರಡು ದಿನ.

ಇನ್ನು ಡಿಕ್ಕಿ ಹೊಡೆದರೆ ನಿಲ್ಲಬೇಕು ಎಂಬುದನ್ನು ಬರೆಯುವುದೇ ಮರೆತಿದ್ದರು. ದೊಡ್ಡದೊಡ್ಡ ಸೈನ್ಯಗಳು ತಲೆ ಚಚ್ಚಿಕೊಂಡ ಏಳು ಸುತ್ತಿನ ಕೋಟೆಯನ್ನು ಮಾವನ ಕೆಂಪು ಬಸ್ಸು ಒಂದೇ ಉಸಿರಿಗೆ ದಾಟಿಹೋಯಿತು, ಒಳಗಿದ್ದ ಒಂಬೈನೂರು ಜನರ ಸಮೇತ!

"ಗೋಡೆಯೊಳಗೆ ಹೋಯ್ತಲ್ಲ ಮಾವ!"

"ಹೊಸ ಬೈಪಾಸು ಅಂದ್ಕ."

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಪ್ಯಾಸೆಂಜರು. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕದಲ್ಲಿ ಮನುಷ್ಯನನ್ನು ಬಿಡಿಸುವುದನ್ನು ನಾನೇ ಹೇಳಿಕೊಟ್ಟಿದ್ದೆ. ಚೆನ್ನಾಗಿಯೇ ಬಿಡಿಸಿದರು, ಸೀರೆ ಉಟ್ಟು ಕೈ ಎತ್ತಿದ ಅಜ್ಜಿ. ಮುಂದಿನ ಭಾನುವಾರ ಹೋದರೆ ಅಜ್ಜಿ ಬಸ್ಸಿನಷ್ಟು ಎತ್ತರವಾಗಿದ್ದಾಳೆ! ಅದರ ಮುಂದಿನ ವಾರ ಬಸ್ಸಿಗಿಂತ ಎತ್ತರ. ಮೈತುಂಬ ಕಣ್ಣು ಕುಕ್ಕುವ ಹಳದಿ, ಹಿಂದೆ ಕಪ್ಪು. ಎತ್ತಿದ ಕೈ ಆಕಾಶಕ್ಕೆ ತಾಗುತ್ತಿತ್ತು.

ನಾನು ನಕ್ಕು ನಕ್ಕು ಸುಸ್ತಾದೆ. "ಈ ಅಜ್ಜಿ ಬಸ್ಸಿಗೆ ಹತ್ತೋದ್ಯಾಕೆ, ಬಸ್ಸನ್ನೇ ಕಂಕುಳಲ್ಲಿ ಇಟ್ಕೊಂಡು ದುರ್ಗಕ್ಕೆ ನಡೀಬಹುದಲ್ಲ!"

ಅತ್ತೆ ಒಳಗಿನಿಂದಲೇ ಕೂಗಿದರು, "ನಿಮ್ಮ ಮಾವಂಗೂ ಕಣ್ಣು ಹೋದ್ವೇನೋ ನೋಡವ್ವಾ."

ಮಾವ ಮಾತ್ರ ನಗಲಿಲ್ಲ. "ಇರ್ಲಿ ಬಿಡು" ಎಂದರು. ಮಾತಿನ ಮಲ್ಲ ಎರಡೇ ಪದಕ್ಕೆ ಸುಮ್ಮನಾದದ್ದು ನನಗೆ ಆಗಲೇ ವಿಚಿತ್ರವೆನಿಸಬೇಕಿತ್ತು.

ಆಟ ಕಟ್ಟಿ ಮುಗಿದ ದಿನ ರುದ್ರಣ್ಣನ ಮನೆಗೆ ಹೊರಟೆವು. ಲ್ಯಾಪ್‌ಟಾಪು, ಟಿವಿಗೆ ಹಾಕುವ ವೈರು, ಜೊತೆಗೆ ಹಳೆಯ ಕೀಬೋರ್ಡೊಂದು. ಅದರ ಎಲ್ಲ ಕೀಗಳನ್ನೂ ಮಾವ ಸ್ಕ್ರೂಡ್ರೈವರಿನಿಂದ ಕಿತ್ತು ಒಂದನ್ನು ಮಾತ್ರ ಉಳಿಸಿದ್ದರು. ಕಂಡಕ್ಟರನಿಗೆ ಇರುವುದು ಒಂದೇ ಸೀಟಿಯಂತೆ! ಬಿ.ದುರ್ಗದ ಬಸ್ಸು ಹತ್ತಿದೆವು. ಜನ ಬಾಗಿಲಲ್ಲೇ ಜೋತಾಡುತ್ತಿದ್ದರೂ ಮಾವ ಹಿಂದೆ ಸರೀರಿ ಎನ್ನಲಿಲ್ಲ.

ರುದ್ರಣ್ಣನ ಹೆಂಡತಿ, "ಬರ್ರಿ, ಕುಂತ್ಕಳ್ರಿ" ಎಂದು ಸಡಗರಪಟ್ಟರು. ರುದ್ರಣ್ಣ ಕುರ್ಚಿಯಲ್ಲಿ ಕೂತವರು ಕೂತಂತೆಯೇ ಗೋಡೆ ನೋಡುತ್ತಿದ್ದರು. ಯಾರು ಬಂದದ್ದೆಂದು ಹೆಂಡತಿಯ ದನಿಯಿಂದಲೇ ಗೊತ್ತಾಗಿರಬೇಕು. ಮಾವ ವೈರನ್ನು ಟಿವಿಗೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ರುದ್ರಣ್ಣನ ಮುಂದಿನ ಸ್ಟೂಲಿನ ಮೇಲಿಟ್ಟು, ಅವರ ಬೆರಳು ಹಿಡಿದು ಬಾಣದ ಗುರುತಿನ ಕೀಗಳ ಮೇಲೆ ಇರಿಸಿದರು. ಆಮೇಲೆ ಆ ಒಂಟಿ ಕೀಯ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಅವರ ಬೆನ್ನ ಹಿಂದೆ ಕೂತರು, ಕಂಡಕ್ಟರ್ ಸೀಟಿನಲ್ಲಿ.

ಟಿವಿಯಲ್ಲಿ ಕೆಂಪು ಬಸ್ಸು ನಿಂತಿತ್ತು. ರುದ್ರಣ್ಣ ಅದನ್ನೇ ದಿಟ್ಟಿಸಿದರು. ಬಹಳ ಹೊತ್ತಿನ ಮೇಲೆ ಬೆರಳು ಒತ್ತಿದರು. ಬಸ್ಸು ಕದಲಲಿಲ್ಲ. ಮತ್ತೊಮ್ಮೆ ಒತ್ತಿದರು. ಇಲ್ಲ. ಎದ್ದು ಹೋಗಿಬಿಟ್ಟರೆ?

ರುದ್ರಣ್ಣ ಹಿಂದಿರುಗಿ ನೋಡದೆಯೇ ಗದರಿದರು, "ಏನಲೇ, ರೈಟ್ ಹೇಳಲ್ವೇನೋ?"

ಆರು ವರ್ಷದ ಮೇಲಿನ ಮೊದಲ ಮಾತು! ಮಾವ ಎರಡು ಸಲ ಒತ್ತಿದರು. ಪೀ, ಪೀ. ಬಸ್ಸು ಹೊರಟಿತು. ಹೊಸದುರ್ಗ ದಾಟಿತು, ಮರಗಳು ದಾಟಿದವು, ಪರದೆ ಮುಸ್ಸಂಜೆಯ ಕಪ್ಪಿಗೆ ತಿರುಗಿತು. ಆ ಕಪ್ಪಿನಲ್ಲಿ, ದೂರದಲ್ಲಿ, ಹಳದಿ ಅಜ್ಜಿ ಎದ್ದುನಿಂತಳು. ಬಸ್ಸಿಗಿಂತ ಎತ್ತರದ ಅಜ್ಜಿ, ಆಕಾಶದವರೆಗೂ ಕೈ ಎತ್ತಿಕೊಂಡು. ಮಾವನ ಬೆರಳು ಕೀಯ ಮೇಲೇ ಇತ್ತು, ಆದರೆ ಅವರು ಒತ್ತಲಿಲ್ಲ. ನಾನು ಹೊಟ್ಟೆ ಹಿಡಿದು ನಕ್ಕಿದ್ದು ಯಾವುದಕ್ಕೆಂದು ಆಗ ತಿಳಿದು, ನಾಚಿಕೆಯಿಂದ ನೆಲ ನೋಡಿದೆ.

ಸೀಟಿಯಿಲ್ಲದೆಯೇ ಬಸ್ಸು ನಿಧಾನವಾಯಿತು. ಅಜ್ಜಿಯ ಕಾಲ ಬುಡದಲ್ಲಿ ನಿಂತಿತು.

"ಕಂಡ್ಳು ಕಣಲೇ" ಎಂದರು ರುದ್ರಣ್ಣ. "ಅಜ್ಜಿ ಕಂಡ್ಳು."

ಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಎರಡು ಸೀಟಿ ಊದಬೇಕಾದ ಬೆರಳು ರುದ್ರಣ್ಣನ ಭುಜದ ಮೇಲಿತ್ತು. ಸೀಟಿಯಿಲ್ಲದೆ ರುದ್ರಣ್ಣ ಹೊರಡುವವರಲ್ಲ, ಕಾಯುತ್ತ ಕೂತರು. ಬಸ್ಸು ಅಲ್ಲೇ ನಿಂತಿತ್ತು. ಸೆಕೆಂಡಿಗೆ ಒಬ್ಬರಂತೆ ಜನ ಹತ್ತುತ್ತಲೇ ಇದ್ದರು. ಸಾಕು, ಜಾಗವಿಲ್ಲ ಎಂದು ಇಬ್ಬರಲ್ಲಿ ಒಬ್ಬರೂ ಹೇಳಲಿಲ್ಲ.