ಟೋರ್ಕೆಲನ ಯಂತ್ರದರ್ಶನ

ಟೋರ್ಕೆಲ್ ಹೇಳಿದ್ದು ಒಂದೇ ಒಂದು ಸಣ್ಣ ಸುಳ್ಳು. "ಇವತ್ತು ಸುಮ್ಮನೆ ಪರೀಕ್ಷೆಗೆ ಒಂದ್ಸಲ ನೋಡ್ತೀನಿ, ಅಷ್ಟೇ" ಎಂದು ಬೆಳಿಗ್ಗೆ ಎಲ್ಲರ ಮುಂದೆ ಹೇಳಿದ್ದ. ನಿಜ ಹೇಳಿದರೆ ಸ್ಟಾಕ್‌ಹೋಮಿನ ಆ ಪ್ರಯೋಗಾಲಯವಿಡೀ ಬೆನ್ನ ಹಿಂದೆ ಬಂದು ನಿಂತೀತೆಂಬ ಭಯ ಅವನಿಗೆ. ಮನುಷ್ಯನ ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದೊಳಗೆ ಕೂತು ಪ್ರೋಟೀನು ಹೆಣೆಯುವ ಯಂತ್ರದ ರಚನೆಯನ್ನು ಜಗತ್ತಿನಲ್ಲಿ ತಾನೇ ಮೊದಲು ಕಾಣಬೇಕೆಂದು ವರ್ಷಗಟ್ಟಲೆ ಒದ್ದಾಡಿದ್ದ. ಹೊರದೇಶದ ಇನ್ನೊಂದು ಗುಂಪೂ ಅದರ ಬೆನ್ನು ಹತ್ತಿತ್ತು. ದೊಡ್ಡ ಸೂಕ್ಷ್ಮದರ್ಶಕದಲ್ಲಿ ಅವನ ಸರದಿ ಇವತ್ತು ಸಂಜೆಯತನಕ, ಅದು ಬಿಟ್ಟರೆ ಇನ್ನು ಚಳಿಗಾಲಕ್ಕೇ.

ಪ್ರಯೋಗಾಲಯದ ಹಿರಿಯಳಾದ ಗುನ್ವೋರ್ ಫ್ರೀಜರಿನಿಂದ ಮಾದರಿಯ ಕೊಳವೆ ತಂದುಕೊಟ್ಟಳು. ಮೇಲಿನ ಬರಹಕ್ಕೆ ಮಂಜು ಕಟ್ಟಿತ್ತು. ಒರೆಸಿ ನೋಡುವ ಪುರುಸೊತ್ತು ಯಾರಿಗಿತ್ತು?

ತಾಮ್ರದ ಪುಟ್ಟ ಜಾಲರಿಯ ಮೇಲೆ ಹನಿಯಿಟ್ಟು ಹೆಪ್ಪುಗಟ್ಟಿಸುತ್ತಿದ್ದಾಗ ಪಕ್ಕದ ಮೇಜಿನ ಸಿಕ್ಸ್ಟೆನ್ ಬಗ್ಗಿ ಇಣುಕಿದ. ಅವನ ಉಸಿರಿಗೆ ಮೊದಲ ಜಾಲರಿಯ ಮೇಲೆಲ್ಲ ಹಿಮ ಕೂತಿತು. "ತಪ್ಪಾಯ್ತು ಮಾರಾಯ" ಎಂದು ಬೆನ್ನು ತಟ್ಟಿದ. ಚಿಮಟದಲ್ಲಿದ್ದ ಎರಡನೆಯದು ಹಪ್ಪಳದಂತೆ ಸೊಟ್ಟಗಾಯಿತು. ಮೂರನೆಯದು ಹೇಗೋ ಬದುಕಿಕೊಂಡಿತು.

"ಬಾರೋ ಕಾಫಿಗೆ, ದಾಲ್ಚಿನ್ನಿ ಬನ್ನು ಮಾಡ್ಕೊಂಡು ಬಂದಿದೀನಿ. ನಿನಗೊಂದು ಮಾತೂ ಹೇಳೋದಿದೆ" ಎಂದು ಗುನ್ವೋರ್ ಕರೆದಳು.

"ಆಮೇಲೆ ಬರ್ತೀನಿ, ಗುನ್ವೋರ್."

"ನಿನ್ನ ಆಮೇಲೆ ಯಾವತ್ತು ಬಂದಿದೆಯೋ!"

ಅವನು ಸೂಕ್ಷ್ಮದರ್ಶಕದ ಕೋಣೆ ಹೊಕ್ಕು ಒಳಗಿಂದ ಚಿಲಕ ಹಾಕಿಕೊಂಡ.

ಸಂಜೆಗೆ ಪರದೆಯ ಮೇಲೆ ಯಂತ್ರ ಮೂಡಿತು. ಬೊಗಸೆ ಕೂಡಿಸಿದಂತೆ ಎರಡು ಭಾಗ, ನಡುವೆ ಹೊಸ ಪ್ರೋಟೀನು ಹೊರಬರುವ ಸುರಂಗ. ಟೋರ್ಕೆಲ್ ಚಿಲಕ ತೆಗೆದು ಎಲ್ಲರನ್ನೂ ಕೂಗಿ ಕರೆದ. ಓಡಿಬಂದ ಪ್ರೊಫೆಸರ್ ರಾಗ್ನ್‌ಹಿಲ್ಡ್ ಅವನನ್ನು ತಬ್ಬಿಕೊಂಡೇಬಿಟ್ಟಳು.

ಗುನ್ವೋರ್ ಕನ್ನಡಕ ಏರಿಸಿ ನೋಡಿದಳು. "ಅಬ್ಬಾ! ಹಂದಿಯದು ಇಷ್ಟು ಚೆಂದ ಇರುತ್ತಾ?"

"ಯಾವ ಹಂದಿ?" ಟೋರ್ಕೆಲ್ ಅವಳತ್ತ ತಿರುಗಿದ.

"ಬರೀ ಪರೀಕ್ಷೆ ಅಂದೆಯಲ್ಲಪ್ಪ. ಅಷ್ಟು ಕಷ್ಟಪಟ್ಟು ತೆಗೆದ ಮನುಷ್ಯನದನ್ನ ಅದಕ್ಯಾಕೆ ಹಾಳು ಮಾಡೋದು ಅಂತ ಹಂದೀದು ಕೊಟ್ಟೆ. ನಿಂದು ಫ್ರೀಜರಿನಲ್ಲಿ ಭದ್ರವಾಗಿದೆ. ಇದನ್ನೇ ಹೇಳೋಣ ಅಂತ ಕಾಫಿಗೆ ಕರೆದದ್ದು."

ಹಂದಿಯ ಯಂತ್ರವನ್ನು ಬೇರೆಯವರು ಹೋದ ವರ್ಷವೇ ಕಂಡು, ಬರೆದು, ಹೊಗಳಿಸಿಕೊಂಡೂ ಆಗಿತ್ತು. ಪ್ರೊಫೆಸರ್ ಮೆಲ್ಲಗೆ ಕೈ ಹಿಂದಕ್ಕೆಳೆದುಕೊಂಡಳು. ಟೋರ್ಕೆಲನಿಗೆ ಬೈಯಲು ಯಾರೂ ಸಿಗಲಿಲ್ಲ. ಬೆಳಿಗ್ಗೆ ಒಂದು ನಿಜ ಹೇಳಿದ್ದರೆ ಸಾಕಿತ್ತು. ಹೋಗಲಿ, ಒಂದು ಲೋಟ ಕಾಫಿ ಕುಡಿದಿದ್ದರೂ ಸಾಕಿತ್ತು.

"ಈಗಲೇ ಮನುಷ್ಯನದು ತರ್ತೀನಿ!" ಎಂದು ಎದ್ದ.

ಬಾಗಿಲಲ್ಲಿ ಸಿಕ್ಸ್ಟೆನ್ ತನ್ನ ಜಾಲರಿಗಳ ಡಬ್ಬಿ ಹಿಡಿದು ನಿಂತಿದ್ದ. "ಎದ್ದದ್ದು ಒಳ್ಳೇದಾಯ್ತು ಕಣೋ. ಈಗ ನನ್ನ ಸರದಿ."